ವಿಮಾನ ಇಳಿಯಿತು, ಸರಕು ಇಳಿಯಲಿಲ್ಲ

2015ರ ಮಾರ್ಚ್ 4ರ ಬೆಳಿಗ್ಗೆ ಕಠ್ಮಂಡು ಕಣಿವೆಯಲ್ಲಿ ದಟ್ಟ ಮಂಜು ಕವಿದಿತ್ತು. ಇಸ್ತಾಂಬುಲ್‌ನಿಂದ ಬಂದ ಟರ್ಕಿಶ್ ಏರ್‌ಲೈನ್ಸ್‌ನ ಏರ್‌ಬಸ್ ತ್ರಿಭುವನ್ ನಿಲ್ದಾಣದಲ್ಲಿ ನೆಲ ಮುಟ್ಟಿದ ಮೇಲೆ ಪಕ್ಕಕ್ಕೆ ಜಾರಿ, ಹುಲ್ಲಿನಲ್ಲಿ ಮೂಗು ಊರಿ ನಿಂತಿತು. ಒಳಗಿದ್ದ ಇನ್ನೂರಕ್ಕೂ ಹೆಚ್ಚು ಮಂದಿ ಬದುಕಿ ಹೊರಬಂದರು. ಆದರೆ ನೇಪಾಳದ ಹೆಬ್ಬಾಗಿಲು ಮುಚ್ಚಿಹೋಯಿತು. ದೇಶಕ್ಕೆಲ್ಲ ಆಗ ಇದ್ದದ್ದು ಅದೊಂದೇ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ, ಅದಕ್ಕಿದ್ದದ್ದು ಒಂದೇ ರನ್‌ವೇ. ಅಷ್ಟು ದೊಡ್ಡ ವಿಮಾನವನ್ನು ಎತ್ತಿ ಸರಿಸುವ ಸಲಕರಣೆ ಅಲ್ಲಿರಲಿಲ್ಲ. ಚಿಕ್ಕ ರನ್‌ವೇಯಲ್ಲೂ ಇಳಿಯಬಲ್ಲ ಭಾರತೀಯ ವಾಯುಪಡೆಯ ಸಿ-130ಜೆ ವಿಮಾನ, ಏರ್ ಇಂಡಿಯಾ ಬಳಿಯಿದ್ದ ಸಲಕರಣೆಗಳನ್ನು ಹೊತ್ತು ಹೋಗಿ ಇಳಿಸಬೇಕಾಯಿತು. ಅಂತರರಾಷ್ಟ್ರೀಯ ಸಂಚಾರ ನಾಲ್ಕು ದಿನ ನಿಂತಿತ್ತು.

ಅದಾಗಿ ಏಳು ವಾರ ಕಳೆದಿತ್ತಷ್ಟೆ. ಏಪ್ರಿಲ್ 25ರ ಶನಿವಾರ, ಅಲ್ಲಿನ ಗಡಿಯಾರ 11 ಗಂಟೆ 56 ನಿಮಿಷ ತೋರಿಸುತ್ತಿದ್ದಾಗ ಗೋರ್ಖಾ ಜಿಲ್ಲೆಯ ಬಾರ್ಪಾಕ್ ಹತ್ತಿರ ಭೂಮಿ ಅದುರಿತು. 7.8 ತೀವ್ರತೆಯ ಕಂಪನ. ಸುಮಾರು 9,000 ಮಂದಿ ಸತ್ತರು. 5 ಲಕ್ಷದಷ್ಟು ಮನೆಗಳು ನೆಲಸಮವಾದವು. ಸಮುದ್ರವಿಲ್ಲದ, ಬೆಟ್ಟದ ರಸ್ತೆಗಳು ಕುಸಿದುಬಿದ್ದ ಆ ನಾಡಿಗೆ ಜಗತ್ತು ಕಳಿಸಿದ ಡೇರೆ, ಔಷಧ, ಅಕ್ಕಿ, ಶೋಧನಾ ನಾಯಿಗಳು, ಕಾಂಕ್ರೀಟ್ ಕತ್ತರಿಸುವ ಯಂತ್ರಗಳಲ್ಲಿ ಅವಸರದವೆಲ್ಲ ಅದೇ ಒಂದು ರನ್‌ವೇಗೆ ಬಂದು ಇಳಿಯಬೇಕಿತ್ತು. ಅದೃಷ್ಟಕ್ಕೆ ರನ್‌ವೇ ಉಳಿದಿತ್ತು. ಭಾರತದ ಮೊದಲ ವಿಮಾನ ಅದೇ ದಿನ ಅಲ್ಲಿಗೆ ತಲುಪಿತು. ಮರುದಿನದಿಂದ ವಿಮಾನಗಳು ಸಾಲುಗಟ್ಟಿದವು. ಕೆಲವು ಆಕಾಶದಲ್ಲೇ ಸುತ್ತು ಹಾಕಿ, ಕಾದು, ಇಂಧನ ಮುಗಿಯುವ ಮುನ್ನ ಬಂದ ದಾರಿಯಲ್ಲೇ ಹಿಂದಿರುಗಿದವು. ಪಕ್ಕದ ಪರ್ವತಗಳಲ್ಲಿ ಜನ ಬಯಲಲ್ಲಿ ಮಳೆಗೆ ನೆನೆಯುತ್ತಿದ್ದಾಗ, ಅವರ ಮೇಲೆ ಹೊದಿಸಬೇಕಾದ ಟಾರ್ಪಾಲಿನ್ ತಲೆಯ ಮೇಲಿಂದಲೇ ಹಾದು ವಾಪಸ್ ಹೋಯಿತು.

ಯಾಕೆ ಹೀಗಾಯಿತು? ಉತ್ತರ ರನ್‌ವೇಯಲ್ಲಿ ಇಲ್ಲ, ಅದರ ಪಕ್ಕದ ಅಂಗಳದಲ್ಲಿದೆ. ವಿಮಾನ ನೆಲಕ್ಕೆ ಬಂದ ಮೇಲೆ ಎಲ್ಲೋ ಒಂದು ಕಡೆ ನಿಲ್ಲಬೇಕು. ನಿಂತು ಹೊಟ್ಟೆ ಖಾಲಿ ಮಾಡಿಕೊಳ್ಳಬೇಕು. ಖಾಲಿಯಾಗಿ ಹೊರಟರೆ ಮಾತ್ರ ಇನ್ನೊಂದಕ್ಕೆ ಜಾಗ. ತ್ರಿಭುವನ್‌ನಲ್ಲಿ ದೊಡ್ಡ ವಿಮಾನಗಳು ನಿಲ್ಲಲು ಇದ್ದ ಜಾಗ ಒಂಬತ್ತೇ. ಅದರಲ್ಲೂ ದೇಶ ಬಿಟ್ಟು ಹೊರಡಲು ಕಾದಿದ್ದ ಸಾವಿರಾರು ಪ್ರವಾಸಿಗರನ್ನು ಒಯ್ಯುವ ಪ್ರಯಾಣಿಕ ವಿಮಾನಗಳಿಗೂ ಪಾಲು ಕೊಡಬೇಕಿತ್ತು.

ಇದು ಮದುವೆ ಊಟದ ಪಂಕ್ತಿಯಿದ್ದಂತೆ. ಛತ್ರದ ಬಾಗಿಲು ಎಷ್ಟೇ ಅಗಲವಿರಲಿ, ಅಡುಗೆ ಎಷ್ಟೇ ಬೆಂದಿರಲಿ, ಮೊದಲ ಪಂಕ್ತಿ ಎದ್ದು ಎಲೆ ತೆಗೆದ ಹೊರತು ಎರಡನೆಯ ಪಂಕ್ತಿ ಕೂರುವಂತಿಲ್ಲ. ವಾಯುಸಾರಿಗೆಯವರು ಇದಕ್ಕೊಂದು ಹೆಸರಿಟ್ಟಿದ್ದಾರೆ: ಮ್ಯಾಕ್ಸಿಮಮ್ ಆನ್ ಗ್ರೌಂಡ್. ಬಾಯಿಮಾತಿನಲ್ಲಿ 'ಮಾಗ್'. ಒಂದು ನಿಲ್ದಾಣ ಏಕಕಾಲಕ್ಕೆ ಎಷ್ಟು ವಿಮಾನಗಳನ್ನು ನಿಲ್ಲಿಸಿಕೊಂಡು, ಸರಕು ಇಳಿಸಿ, ಇಂಧನ ತುಂಬಿ ಕಳಿಸಬಲ್ಲದು ಎಂಬ ಸಂಖ್ಯೆ ಅದು. ಒಂದು ಲೆಕ್ಕ ಹಾಕಿ ನೋಡೋಣ. ಪರಿಹಾರದ ವಿಮಾನಗಳಿಗೆ ಆರು ಜಾಗ ಸಿಕ್ಕಿತು, ಪ್ರತಿ ವಿಮಾನದಲ್ಲಿ 40 ಟನ್ ಸರಕಿದೆ, ಹಗಲಿರುಳೂ ಕೆಲಸ ನಡೆಯುತ್ತದೆ ಎಂದುಕೊಳ್ಳೋಣ. ಒಂದೊಂದನ್ನು ಎರಡು ಗಂಟೆಯಲ್ಲಿ ಕಳಿಸಿದರೆ ದಿನಕ್ಕೆ 72 ವಿಮಾನ, 2,880 ಟನ್. ಆರು ಗಂಟೆ ಹಿಡಿದರೆ 24 ವಿಮಾನ, 960 ಟನ್. ವಿಮಾನ ಅದೇ, ಪೈಲಟ್ ಅವರೇ, ರನ್‌ವೇಯೂ ಅದೇ. ಇಳಿಸುವ ಕೈ ನಿಧಾನವಾದದ್ದಕ್ಕೆ ದಿನವೊಂದಕ್ಕೆ ಸುಮಾರು 1,900 ಟನ್ ನಷ್ಟ.

ಕನ್ನಡದಲ್ಲಿ ವಿಮಾನ ಇಳಿಯುತ್ತದೆ, ಸರಕನ್ನು ಇಳಿಸುತ್ತಾರೆ. ಎರಡಕ್ಕೂ ಒಂದೇ ಧಾತು. ಮೊದಲನೆಯದನ್ನು ಟಿವಿಯಲ್ಲಿ ತೋರಿಸುತ್ತಾರೆ, ಬಾಲದ ಮೇಲಿನ ಬಾವುಟವನ್ನೂ ತೋರಿಸುತ್ತಾರೆ. ಎರಡನೆಯದು ಕಾಣುವುದು ಅಪರೂಪ. ಈ ಲೇಖನ ಆ ಎರಡನೆಯ ಇಳಿಸುವಿಕೆಯ ಬಗ್ಗೆ.

ಯಶವಂತಪುರದ ಎಪಿಎಂಸಿ ಅಂಗಳದಲ್ಲಿ ಹಮಾಲರು ಈರುಳ್ಳಿ ಲಾರಿ ಖಾಲಿ ಮಾಡುವುದನ್ನು ನಿಂತು ನೋಡಿದವರಿಗೆ ಇದರ ಮೂಲತತ್ವ ಗೊತ್ತಿರುತ್ತದೆ. ಲಾರಿಯ ಮೇಲಿರುವವನು ಚೀಲವನ್ನು ಅಂಚಿಗೆ ತಂದು ನಿಲ್ಲಿಸುತ್ತಾನೆ, ಕೆಳಗಿನವನು ಬೆನ್ನು ಕೊಡುತ್ತಾನೆ. ಲಾರಿಯ ಅಂಚು ಮನುಷ್ಯನ ಬೆನ್ನಿನ ಎತ್ತರಕ್ಕೆ ಇರುವುದರಿಂದಲೇ ಆ ಕೆಲಸ ಅಷ್ಟು ಸಲೀಸು. ವಿಮಾನದಲ್ಲಿ ಕೆಡುವುದೇ ಈ ಎತ್ತರ. ಬೋಯಿಂಗ್ 747 ಸರಕು ವಿಮಾನದ ಮುಖ್ಯ ಅಂತಸ್ತಿನ ಬಾಗಿಲು ನೆಲದಿಂದ ಸುಮಾರು 5 ಮೀಟರ್ ಮೇಲಿದೆ, ಅಂದರೆ ಎರಡು ಆಳಿಗಿಂತ ಎತ್ತರ. ನೂರಕ್ಕೂ ಹೆಚ್ಚು ಟನ್ ಹೊತ್ತು ತರಬಲ್ಲ, ಪರಿಹಾರ ಸಂಸ್ಥೆಗಳು ಬಾಡಿಗೆಗೆ ಪಡೆಯುವ ವಿಮಾನ ಅದು. ಆದರೆ ಅಷ್ಟೆತ್ತರಕ್ಕೆ ಏರಿ, ಭಾರ ಹೊತ್ತು, ಅಲುಗಾಡದೆ ಇಳಿಯುವ ಲೋಡರ್ ಯಂತ್ರ ನಿಲ್ದಾಣದಲ್ಲಿ ಇಲ್ಲದಿದ್ದರೆ ಆ ನೂರು ಟನ್ನೂ ಅಟ್ಟದ ಮೇಲೇ ಉಳಿಯುತ್ತದೆ.

ಸೇನೆಯ ಸಾಗಣೆ ವಿಮಾನಗಳನ್ನು ಈ ಕೊರತೆ ಗೊತ್ತಿದ್ದೇ ಕಟ್ಟಿದ್ದಾರೆ. ನಮ್ಮ ವಾಯುಪಡೆಯ ಬಳಿ 11 ಇರುವ ಸಿ-17 ಗ್ಲೋಬ್‌ಮಾಸ್ಟರ್‌ನ ರೆಕ್ಕೆಗಳು ಮೇಲೆ, ಹೊಟ್ಟೆ ನೆಲಕ್ಕೆ ಹತ್ತಿರ. ಹಿಂಬದಿಯ ಬಾಗಿಲು ಕೆಳಗೆ ಬಾಗಿ ಇಳಿಜಾರಾಗುತ್ತದೆ. ಟ್ರಕ್ಕು ತನ್ನ ಚಕ್ರದ ಮೇಲೇ ಹೊರಬರಬಹುದು. ಸುಮಾರು 77 ಟನ್ ಹೊರುವ ಆ ವಿಮಾನದಲ್ಲಿ ಇಬ್ಬರು ಪೈಲಟ್‌ಗಳ ಜೊತೆಗೆ ಲೋಡ್‌ಮಾಸ್ಟರ್ ಇರುತ್ತಾರೆ. ಸರಕಿನ ಮಟ್ಟಿಗೆ ಆ ವಿಮಾನದ ಯಜಮಾನಿಕೆ ಅವರದೇ. ಎಂಜಿನ್‌ಗಳ ನೂಕುಬಲವನ್ನು ತಿರುಗಿಸಿ ಅದು ತನ್ನಷ್ಟಕ್ಕೆ ಹಿಮ್ಮುಖವಾಗಿ ಚಲಿಸಬಲ್ಲದು. ಇಕ್ಕಟ್ಟಿನ ಅಂಗಳದಲ್ಲಿ ಅದೊಂದು ವರ. ನಮ್ಮವರು 'ಗಜರಾಜ್' ಎಂದು ಕರೆಯುವ ರಷ್ಯಾ ಮೂಲದ ಐಎಲ್-76 ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಅದರ ಒಳಛಾವಣಿಯಲ್ಲೇ ಹಳಿಗಳಿದ್ದು, ಭಾರ ಎತ್ತುವ ಯಂತ್ರಗಳು ಅದರ ಮೇಲೆ ಓಡಾಡುತ್ತವೆ, ಹಿಂಬಾಗಿಲ ಆಚೆಯವರೆಗೂ ಚಾಚಿ ಸರಕನ್ನು ಟ್ರಕ್ಕಿನ ಮೇಲಿಡುತ್ತವೆ. ಉಕ್ರೇನಿನಲ್ಲಿ ರೂಪುಗೊಂಡ ಆಂಟೊನೊವ್ ಆನ್-124 ಅಂತೂ ಮೂಗನ್ನೇ ಮೇಲಕ್ಕೆತ್ತಿ, ಮುಂಗಾಲಿನ ಚಕ್ರಗಳನ್ನು ಮಡಚಿ, ಮಾವುತನಿಗೆ ಬಗ್ಗುವ ಆನೆಯಂತೆ ಮಂಡಿಯೂರುತ್ತದೆ. ತಾನು ಇಳಿಯುವ ಊರಿನಲ್ಲಿ ಏನೂ ಇರಲಾರದು ಎಂದು ಊಹಿಸಿ ಕಟ್ಟಿದ ಯಂತ್ರಗಳಿವು.

ಇನ್ನು ಸರಕು ಒಳಗೆ ಹೇಗಿರುತ್ತದೆ ಎಂಬುದು. ಇಡೀ ಕಥೆಯ ತಿರುಳು ನನ್ನ ಪ್ರಕಾರ ಒಂದು ಹಲಗೆಯಲ್ಲಿದೆ. 463ಎಲ್ ಎಂಬ ಸಂಖ್ಯೆಯ ಈ ಪ್ಯಾಲೆಟ್ 108 ಅಂಗುಲ ಉದ್ದ, 88 ಅಂಗುಲ ಅಗಲ. ಮೇಲೂ ಕೆಳಗೂ ಅಲ್ಯೂಮಿನಿಯಂ ತಗಡು, ನಡುವೆ ಮಕ್ಕಳ ಆಟದ ವಿಮಾನಕ್ಕೆ ಬಳಸುವ ಹಗುರ ಬಾಲ್ಸಾ ಮರ. ಖಾಲಿ ಹಲಗೆಯ ತೂಕ ಸುಮಾರು 130 ಕಿಲೊ. ಹೊರುವುದು ನಾಲ್ಕೂವರೆ ಟನ್. ಅಂಚಿನ ಸುತ್ತ 22 ಕೊಂಡಿಗಳು. ಸರಕನ್ನು ಪೇರಿಸಿ, ಮಳೆ ತಾಗದಂತೆ ಪ್ಲಾಸ್ಟಿಕ್ ಹೊದಿಸಿ, ಅಕ್ಕಪಕ್ಕ ಎರಡು ಮತ್ತು ಮೇಲೊಂದು ಬಲೆ ಬಿಗಿದು ಆ ಕೊಂಡಿಗಳಿಗೆ ಸಿಕ್ಕಿಸುತ್ತಾರೆ. ವಿಮಾನದ ನೆಲದಲ್ಲಿ ಉರುಳೆಗಳಿವೆ, ಎರಡೂ ಬದಿಯಲ್ಲಿ ಹಲಗೆಯ ಅಂಚನ್ನು ಕಚ್ಚಿಹಿಡಿಯುವ ಬೀಗಗಳಿವೆ. ಬೀಗ ಬಿಚ್ಚಿದರೆ ನಾಲ್ಕೂವರೆ ಟನ್ನನ್ನು ನಾಲ್ಕೈದು ಜನ ಕೈಯಿಂದ ತಳ್ಳಿಕೊಂಡು ಬರಬಹುದು. ಸಿ-17ರಲ್ಲಿ ಇಂಥ 18 ಹಲಗೆಗಳು ಹಿಡಿಯುತ್ತವೆ. ಬಾಗಿಲ ಮಟ್ಟಕ್ಕೆ ಲೋಡರ್ ತಂದು ನಿಲ್ಲಿಸಿದರೆ ವಿಮಾನದ ಉರುಳೆಯಿಂದ ಲೋಡರಿನ ಉರುಳೆಗೆ, ಲೋಡರಿನಿಂದ ಟ್ರಕ್ಕಿಗೆ, ಎಲ್ಲಿಯೂ ಎತ್ತದೆ ಸರಕು ಸಾಗುತ್ತದೆ. ಬಾಗಿಲು ತೆರೆದ ಮೇಲೆ ಒಂದು ಗಂಟೆಯೊಳಗೆ ಹೊಟ್ಟೆ ಖಾಲಿ ಮಾಡುವುದು ನುರಿತ ತಂಡಕ್ಕೆ ಕಷ್ಟವಲ್ಲ.

ಆದರೆ ಭೂಕಂಪವಾದ ಮರುದಿನ ಎಲ್ಲರೂ ಹೀಗೆ ಹಲಗೆ ಕಟ್ಟಿ ಕಳಿಸುವುದಿಲ್ಲ. ಮನಸ್ಸು ಕರಗಿದವರು ಸಿಕ್ಕಿದ್ದನ್ನು ಸಿಕ್ಕಿದ ವಿಮಾನಕ್ಕೆ ತುಂಬುತ್ತಾರೆ. ಪ್ರಯಾಣಿಕ ವಿಮಾನದ ಕೆಳಹೊಟ್ಟೆಯಲ್ಲಿ ರಟ್ಟಿನ ಪೆಟ್ಟಿಗೆಗಳು, ನೀರಿನ ಬಾಟಲಿಯ ಕಟ್ಟುಗಳು, ಕಂಬಳಿಯ ಗಂಟುಗಳು ಬಿಡಿಬಿಡಿಯಾಗಿ ಬರುತ್ತವೆ. ಅವನ್ನು ಇಳಿಸುವ ದಾರಿ ಒಂದೇ, ಕೈಯಿಂದ ಕೈಗೆ. 25 ಕಿಲೊದ ಪೆಟ್ಟಿಗೆಯಾದರೆ 40 ಟನ್ನಿಗೆ 1,600 ಪೆಟ್ಟಿಗೆ. ಸಾಲಾಗಿ ನಿಂತವರ ಕೈಯಿಂದ ಹತ್ತು ಸೆಕೆಂಡಿಗೊಂದರಂತೆ, ಎಲ್ಲೂ ಉಸಿರು ತೆಗೆದುಕೊಳ್ಳದೆ ಬಂದರೂ ನಾಲ್ಕೂವರೆ ಗಂಟೆ ಬೇಕು. ಮನುಷ್ಯರು ಉಸಿರು ತೆಗೆದುಕೊಳ್ಳಬೇಕಲ್ಲ! ಕಠ್ಮಂಡುವಿನಲ್ಲಿ ಮೊದಲ ದಿನಗಳಲ್ಲಿ ಆದದ್ದು ಇದೇ. ಫೋರ್ಕ್‌ಲಿಫ್ಟ್‌ಗಳು ಬೆರಳೆಣಿಕೆಯಷ್ಟು. ನೇಪಾಳದ ಸೈನಿಕರು, ನಿಲ್ದಾಣದ ಕೆಲಸಗಾರರು, ವಿಮಾನದ ಜೊತೆ ಬಂದವರು ಸಾಲು ಕಟ್ಟಿ ನಿಂತು ಪೆಟ್ಟಿಗೆ ದಾಟಿಸಿದರು. ಅವರಲ್ಲಿ ಎಷ್ಟೋ ಜನರ ಸ್ವಂತ ಮನೆ ಬಿದ್ದಿತ್ತು, ಮನೆಯವರು ಬಯಲಲ್ಲಿ ಮಲಗಿದ್ದರು. ಪಶ್ಚಾತ್‌ಕಂಪನವಾದಾಗಲೆಲ್ಲ ಕೆಲಸ ನಿಲ್ಲಿಸಿ, ಮತ್ತೆ ಶುರು ಮಾಡುತ್ತಿದ್ದರು. ಆ ಸಾಲಿನಲ್ಲಿ ನಿಂತವರ ಹೆಸರು ಯಾವ ಪತ್ರಿಕೆಯ ಮುಖಪುಟದಲ್ಲೂ ಬರಲಿಲ್ಲ.

ಕೈಯಿಂದ ಇಳಿಸುವಾಗ ಅವಸರ ಮಾಡುವಂತೆಯೂ ಇಲ್ಲ. ನಿಂತ ವಿಮಾನ ತನ್ನ ಚಕ್ರಗಳ ಮೇಲೆ ತೂಗಿಕೊಂಡಿರುವ ತಕ್ಕಡಿ. 747ರಂಥ ಸರಕು ವಿಮಾನದಲ್ಲಿ ಮುಂಭಾಗದ ಭಾರವನ್ನೆಲ್ಲ ಮೊದಲು ತೆಗೆದುಬಿಟ್ಟರೆ ಹಿಂಭಾಗ ಜಗ್ಗಿ, ಮೂಗು ಮೇಲೆದ್ದು, ಬಾಲ ನೆಲಕ್ಕೆ ಕೂರುತ್ತದೆ. ಅದಕ್ಕೇ ಬಾಲದಡಿ ಊರುಗೋಲು ಕೊಡುತ್ತಾರೆ. ಸಿ-130ರ ಹಿಂಬಾಗಿಲ ಕೆಳಗೂ ಭಾರವಾದ ವಾಹನ ದಾಟುವಾಗ ಒಂದು ಗಟ್ಟಿ ಪೀಠ ಇಡುತ್ತಾರೆ. ಯಾವುದನ್ನು ಮೊದಲು ತೆಗೆಯಬೇಕು, ಯಾವುದನ್ನು ಆಮೇಲೆ ಎಂಬುದು ಲೋಡ್‌ಮಾಸ್ಟರ್ ಹೊರಡುವ ಮುನ್ನವೇ ಬರೆದಿಟ್ಟುಕೊಂಡ ಲೆಕ್ಕ. ಬಾಗಿಲ ಬಳಿ ಏನಿರಬೇಕೆಂಬ ಲೆಕ್ಕವೂ ಅದರಲ್ಲೇ ಇರುತ್ತದೆ. ಮನೆ ಬದಲಿಸುವಾಗ ಹಾಲುಕ್ಕಿಸುವ ಪಾತ್ರೆಯನ್ನು ಲಾರಿಯ ತಳಕ್ಕೆ ಹಾಕಿದವರು ಹೊಸ ಮನೆಯಲ್ಲಿ ಪಡುವ ಪಾಡು ನಮಗೆ ಗೊತ್ತು. ಪರಿಹಾರದ ವಿಮಾನದಲ್ಲಿ ಆ ಪಾತ್ರೆಯ ಜಾಗದಲ್ಲಿ ಇರುವುದು ಶಸ್ತ್ರಚಿಕಿತ್ಸೆಯ ಪೆಟ್ಟಿಗೆ.

ಲೋಡರೂ ಇಲ್ಲ, ಫೋರ್ಕ್‌ಲಿಫ್ಟೂ ಇಲ್ಲ, ಕಾಯುವ ಸಮಯವೂ ಇಲ್ಲ ಎಂದಾಗ ಸೇನೆಯ ವಿಮಾನಗಳು ಮಾಡುವ ಒಂದು ಉಪಾಯವಿದೆ. ಖಾಲಿ ಇಂಧನ ಪೀಪಾಯಿಗಳನ್ನು ಹಿಂಬಾಗಿಲ ಕೆಳಗೆ ಸಾಲಾಗಿ ನಿಲ್ಲಿಸುತ್ತಾರೆ. ಹಲಗೆಯ ಅಂಚನ್ನು ಅವುಗಳ ಮೇಲೆ ತಂದು, ಬೀಗ ಬಿಚ್ಚಿ, ವಿಮಾನವನ್ನು ಮೆಲ್ಲನೆ ಮುಂದಕ್ಕೆ ಚಲಾಯಿಸುತ್ತಾರೆ. ಹಲಗೆ ಪೀಪಾಯಿಗಳ ಮೇಲೆ ಉಳಿಯುತ್ತದೆ, ವಿಮಾನ ಅದರ ಕೆಳಗಿಂದ ಜಾರಿಕೊಂಡು ಹೋಗುತ್ತದೆ. ಅಂದರೆ ಇಲ್ಲಿ ವಿಮಾನದಿಂದ ಸರಕನ್ನು ತೆಗೆಯುವುದಿಲ್ಲ, ಸರಕಿನ ಕೆಳಗಿಂದ ವಿಮಾನವನ್ನೇ ತೆಗೆಯುತ್ತಾರೆ. ಇದನ್ನು ಮೊದಲು ಯೋಚಿಸಿದವರು ಎತ್ತಿನ ಗಾಡಿ ಬಲ್ಲವರೇ ಇರಬೇಕು ಎಂದು ನನಗನ್ನಿಸುತ್ತದೆ.

ಈ ವಿದ್ಯೆಗೆ ಒಬ್ಬ ಗುರು ಇದ್ದರೆ ಅದು ವಿಲಿಯಂ ಟನ್ನರ್. ಎರಡನೆಯ ಮಹಾಯುದ್ಧದ ಕೊನೆಯ ಹಂತದಲ್ಲಿ, ಅಸ್ಸಾಮಿನಿಂದ ಹಿಮಾಲಯದ ಪೂರ್ವದಂಚನ್ನು ದಾಟಿ ಚೀನಾಕ್ಕೆ ಸರಕು ಒಯ್ಯುತ್ತಿದ್ದ ಅಮೆರಿಕದ ವಾಯುಮಾರ್ಗದ ಹೊಣೆ ಅವರ ಮೇಲಿತ್ತು. ಆ ಕಾಲದ ಛಾಯಾಚಿತ್ರವೊಂದರಲ್ಲಿ ಆನೆಯೊಂದು ಸೊಂಡಿಲಿನಿಂದ ಪೀಪಾಯಿ ಎತ್ತಿ ಸಿ-46 ವಿಮಾನದ ಬಾಗಿಲಿಗೆ ಇಡುತ್ತಿದೆ. ಆಗಿನ ಅತ್ಯುತ್ತಮ ಲೋಡರ್ ಅದೇ ಇರಬೇಕು. ಅದೇ ಯುದ್ಧಕಾಲದಲ್ಲಿ, 1943ರಿಂದ, ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕನ್ ವಾಯುಸೇನೆಯ ಆಡಳಿತಕ್ಕೆ ಸೇರಿ, ಈ ರಣರಂಗದ ವಿಮಾನಗಳನ್ನು ಬಿಚ್ಚಿ ಜೋಡಿಸುವ ದೊಡ್ಡ ದುರಸ್ತಿ ಕೇಂದ್ರವಾಗಿತ್ತು. ನಮ್ಮ ಊರಿನ ಕೈಗಳಿಗೂ ಆ ಕೆಲಸದ ಎಣ್ಣೆ ಅಂಟಿತ್ತು.

ಟನ್ನರ್ ಹೆಸರು ಉಳಿದದ್ದು ಬರ್ಲಿನ್‌ನಿಂದ. 1948ರ ಜೂನ್‌ನಲ್ಲಿ ಸೋವಿಯತ್ ಒಕ್ಕೂಟ ಪಶ್ಚಿಮ ಬರ್ಲಿನ್‌ಗೆ ಹೋಗುವ ರಸ್ತೆ, ರೈಲು, ಕಾಲುವೆಗಳನ್ನು ಮುಚ್ಚಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರ ಅನ್ನ, ಚಳಿಗಾಲದ ಕಲ್ಲಿದ್ದಲು ಎಲ್ಲವೂ ಆಕಾಶದಿಂದ ಬರಬೇಕಾಯಿತು. ಟನ್ನರ್ ಅಲ್ಲಿಗೆ ಹೋದ ಮೇಲೆ ತಿದ್ದಿದ ಸಂಗತಿಗಳಲ್ಲಿ ನನಗೆ ತುಂಬ ಇಷ್ಟವಾದದ್ದು ತೀರ ಸಣ್ಣದು. ಸರಕು ಇಳಿಯುವ ಹೊತ್ತಿನಲ್ಲಿ ಪೈಲಟ್‌ಗಳು ಕಾಫಿ ಕುಡಿಯಲು ನಿಲ್ದಾಣದ ಕಟ್ಟಡಕ್ಕೆ ಹೋಗುತ್ತಿದ್ದರು. ವಿಮಾನ ಖಾಲಿಯಾದರೂ ಅವರು ಬಂದಿರುತ್ತಿರಲಿಲ್ಲ. ಟನ್ನರ್ ಅವರಿಗೆ ವಿಮಾನ ಬಿಟ್ಟು ಕದಲಬೇಡಿ ಎಂದರು, ಬದಲಿಗೆ ತಿಂಡಿಯ ಗಾಡಿಯನ್ನೇ ವಿಮಾನದ ಬಳಿಗೆ ಕಳಿಸಿದರು. ಹವಾಮಾನ ಹೇಳುವವರೂ ವಿಮಾನದ ಬಳಿಗೇ ಬಂದರು. ನೆಲದ ಮೇಲಿನ ಸಮಯ ಅರ್ಧ ಗಂಟೆಯ ಆಸುಪಾಸಿಗೆ ಇಳಿಯಿತು. ಇಳಿಸುವ ಕೆಲಸವನ್ನು ಸೈನಿಕರಿಂದ ಬರ್ಲಿನ್ನಿನ ಜನರಿಗೇ ವಹಿಸಿದರು. ಹೆಚ್ಚುವರಿ ಪಡಿತರ ಅವರಿಗೆ ಸಿಗುತ್ತಿದ್ದ ಪ್ರತಿಫಲ. ಹನ್ನೆರಡು ಜನರ ಒಂದು ತಂಡ ಹತ್ತು ಟನ್ ಕಲ್ಲಿದ್ದಲನ್ನು ಹತ್ತು ನಿಮಿಷದಲ್ಲಿ ಇಳಿಸಿತು. ಮುಂದೆ ಅದೇ ತಂಡ ಅಷ್ಟನ್ನೇ 5 ನಿಮಿಷ 45 ಸೆಕೆಂಡಿನಲ್ಲಿ ಇಳಿಸಿ ತನ್ನ ದಾಖಲೆಯನ್ನು ತಾನೇ ಮುರಿಯಿತು. ಆ ಮೂಟೆಗಳು ತಮ್ಮ ಮನೆಯ ಒಲೆಗೆ ಹೋಗುವವು ಎಂದು ಅವರಿಗೆ ಗೊತ್ತಿತ್ತು. 1949ರ ಏಪ್ರಿಲ್‌ನಲ್ಲಿ, ಈಸ್ಟರ್ ಸಮಯದ ಒಂದೇ ದಿನದಲ್ಲಿ ಸುಮಾರು 1,400 ಹಾರಾಟಗಳಲ್ಲಿ ಹತ್ತಿರಹತ್ತಿರ 13,000 ಟನ್ ಬಂತು. ಒಟ್ಟು ಹಾರಾಟಗಳು 2 ಲಕ್ಷ 77 ಸಾವಿರಕ್ಕೂ ಹೆಚ್ಚು.

ಇಂದು ಅಮೆರಿಕದ ವಾಯುಪಡೆ ಬಳಸುವ ದೊಡ್ಡ ಲೋಡರ್ ಒಮ್ಮೆಗೆ ಆರು ಹಲಗೆ, 27 ಟನ್ ಹೊರುತ್ತದೆ. ಅದಕ್ಕಿಟ್ಟ ಹೆಸರು 'ಟನ್ನರ್'. ಚಿಕ್ಕದು ಮೂರು ಹಲಗೆ, 11 ಟನ್ ಹೊರುತ್ತದೆ. ಅದರ ಹೆಸರು 'ಹಾಲ್ವರ್ಸನ್'. ಬರ್ಲಿನ್ನಿನ ಮಕ್ಕಳಿಗೆ ಕರವಸ್ತ್ರದ ಪುಟ್ಟ ಪ್ಯಾರಾಚೂಟ್‌ಗಳಲ್ಲಿ ಮಿಠಾಯಿ ಕಟ್ಟಿ ಎಸೆಯುತ್ತಿದ್ದ ಪೈಲಟ್ ಗೇಲ್ ಹಾಲ್ವರ್ಸನ್ ಅವರ ಹೆಸರದು. ಒಂದು ಯುದ್ಧವಿಮಾನಕ್ಕೆ ಇಟ್ಟಿದ್ದರೂ ಇಷ್ಟು ಹೊಂದುತ್ತಿರಲಿಲ್ಲ.

ಹಾಲ್ವರ್ಸನ್ ಲೋಡರನ್ನು ಸಿ-130ರಂಥ ವಿಮಾನದೊಳಗೇ ಇಟ್ಟು ಒಯ್ಯಬಹುದು. ಇದು ಬಹಳ ಮುಖ್ಯ. ದುರಂತ ನಡೆದ ಊರಿಗೆ ಮೊದಲು ಕಳಿಸಬೇಕಾದದ್ದು ಏನು ಎಂದು ಕೇಳಿದರೆ ನಾವು ಅನ್ನ, ನೀರು, ಔಷಧ ಎನ್ನುತ್ತೇವೆ. ಈ ಕೆಲಸ ಬಲ್ಲವರು ಶೋಧನಾ ತಂಡ, ವೈದ್ಯರ ಜೊತೆಗೇ ಇಳಿಸುವ ಯಂತ್ರ ಮತ್ತು ಅದನ್ನು ನಡೆಸುವ ಜನರ ಹೆಸರನ್ನೂ ಹೇಳುತ್ತಾರೆ. ಅಕ್ಕಿಯ ಜಾಗದಲ್ಲಿ ಒಂದು ಯಂತ್ರ ತಂದದ್ದಕ್ಕೆ ಮೊದಲ ದಿನ ಯಾರಾದರೂ ಆಕ್ಷೇಪಿಸಬಹುದು. ಮರುದಿನದಿಂದ ಅದೇ ಯಂತ್ರ ಪ್ರತಿ ವಿಮಾನದ ನಾಲ್ಕು ಗಂಟೆ ಉಳಿಸುತ್ತದೆ. 2015ರ ಮೇ ತಿಂಗಳ ಮೊದಲ ವಾರದಲ್ಲಿ ಗುವಾಮ್ ದ್ವೀಪದ ಆ್ಯಂಡರ್ಸನ್ ವಾಯುನೆಲೆಯಿಂದ ಅಮೆರಿಕದ 36ನೇ ಕಂಟಿಂಜೆನ್ಸಿ ರೆಸ್ಪಾನ್ಸ್ ಗ್ರೂಪ್ ಕಠ್ಮಂಡುವಿಗೆ ಬಂದದ್ದು ಈ ಕೆಲಸಕ್ಕಾಗಿಯೇ. ನೇಪಾಳ ಸೇನೆಯವರ ಜೊತೆ ನಿಂತು, ಬಂದ ವಿಮಾನ ಯಾವ ದೇಶದ್ದೆಂದು ನೋಡದೆ ಸರಕು ಇಳಿಸುವುದು ಅವರ ಪಾಲಿನ ಕೆಲಸವಾಗಿತ್ತು. ಕೊರಿಯರ್ ಕಂಪನಿ ಡಿಎಚ್‌ಎಲ್‌ನ ಸ್ವಯಂಸೇವಕರ ತಂಡವೂ ಅಲ್ಲಿತ್ತು. ದಿನವೂ ಪಾರ್ಸೆಲ್ ವಿಂಗಡಿಸುವವರಿಗೆ ಉಗ್ರಾಣದ ಗೊಂದಲ ಬಿಡಿಸುವುದು ಕರಗತ.

ಅಷ್ಟರಲ್ಲಿ ನೆಲವೇ ಸೋಲತೊಡಗಿತು. ದಿನಗಟ್ಟಲೆ ಬಿಡುವಿಲ್ಲದೆ ಭಾರಿ ಚಕ್ರಗಳು ಅಪ್ಪಳಿಸಿ ತ್ರಿಭುವನ್ ರನ್‌ವೇಯಲ್ಲಿ ಬಿರುಕು ಕಂಡವು. ಮೇ 3ರಂದು 196 ಟನ್‌ಗಿಂತ ಹೆಚ್ಚು ತೂಕದ ವಿಮಾನಗಳಿಗೆ ಅಧಿಕಾರಿಗಳು ನಿರ್ಬಂಧ ಹಾಕಿದರು. ಪೂರ್ತಿ ಹೊರೆ ಹೊತ್ತ 747 ಸುಮಾರು 400 ಟನ್ ತೂಗುತ್ತದೆ. ಒಂದೇ ಬಾರಿಗೆ ನೂರು ಟನ್ ತರಬಲ್ಲವು ಹೊರಗುಳಿದು, ಮಧ್ಯಮ ಗಾತ್ರದವು ಹೆಚ್ಚು ಸಲ ಓಡಾಡಬೇಕಾಯಿತು. ಆ ನಿರ್ಧಾರವನ್ನು ಅಂದು ಕೆಲವರು ಟೀಕಿಸಿದರು. ನನಗೆ ಅದು ಸರಿಯಾದ ನಿರ್ಧಾರವೆಂದೇ ತೋರುತ್ತದೆ. ಇರುವ ಒಂದೇ ರನ್‌ವೇ ಒಡೆದಿದ್ದರೆ ಎಲ್ಲವೂ ನಿಲ್ಲುತ್ತಿತ್ತು. ಮಾರ್ಚ್‌ನ ನಾಲ್ಕು ದಿನಗಳನ್ನು ಅಲ್ಲಿನವರು ಮರೆತಿರಲಿಲ್ಲ. ಒಂದೇ ರನ್‌ವೇ ಎಷ್ಟು ನಾಜೂಕು ಎಂಬುದಕ್ಕೆ ಇಂಡೊನೇಷ್ಯಾದ ಬಾಂಡಾ ಆಚೆ ಎಂಬ ಊರಿನ ಉದಾಹರಣೆಯೂ ಇದೆ. ಹಿಂದೂ ಮಹಾಸಾಗರದ ಸುನಾಮಿಯ ನಂತರ, 2005ರ ಜನವರಿ ಮೊದಲ ವಾರ, ಪರಿಹಾರ ತಂದ ಬೋಯಿಂಗ್ 737 ಇಳಿಯುವಾಗ ರನ್‌ವೇಗೆ ನುಗ್ಗಿದ ಎಮ್ಮೆಗೆ ಬಡಿಯಿತು. ಮುರಿದ ವಿಮಾನವನ್ನು ಸರಿಸುವಷ್ಟರಲ್ಲಿ ಆ ನಿಲ್ದಾಣದ ಅಮೂಲ್ಯ ದಿನವೊಂದು ಕಳೆದುಹೋಗಿತ್ತು.

2010ರ ಜನವರಿಯ ಭೂಕಂಪದ ನಂತರ ಹೈಟಿಯಲ್ಲಿ ಆದದ್ದು ಇನ್ನೂ ನೋವಿನ ಸಂಗತಿ. ಪೋರ್ಟ್-ಓ-ಪ್ರಿನ್ಸ್‌ನ ನಿಯಂತ್ರಣ ಗೋಪುರ ಕೆಲಸಕ್ಕೆ ಬಾರದಂತಾಗಿತ್ತು. ಅಮೆರಿಕದ ವಾಯುಪಡೆಯ ನಿಯಂತ್ರಕರು ರನ್‌ವೇ ಪಕ್ಕದ ಹುಲ್ಲಿನಲ್ಲಿ ಮಡಚುವ ಮೇಜು ಹಾಕಿ, ರೇಡಿಯೊ ಹಿಡಿದು ವಿಮಾನಗಳನ್ನು ಇಳಿಸಿಕೊಂಡರು. ಜಾಗವಿಲ್ಲದೆ ಹಿಂದಿರುಗಿಸಿದ ವಿಮಾನಗಳಲ್ಲಿ 'ಗಡಿಯಿಲ್ಲದ ವೈದ್ಯರು' ಸಂಸ್ಥೆಯ ಗಾಳಿ ತುಂಬಿ ಕಟ್ಟುವ ಆಸ್ಪತ್ರೆಯೂ ಇತ್ತು. ಅದು ಪಕ್ಕದ ದೇಶದಲ್ಲಿ ಇಳಿದು ರಸ್ತೆಯಲ್ಲಿ ಬರಬೇಕಾಯಿತು. ಗಾಯ ಕೊಳೆಯುತ್ತಿದ್ದವರಿಗೆ ಒಂದು ದಿನವೆಂದರೆ ಕಾಲು ಉಳಿಯುವ ಅಥವಾ ಹೋಗುವ ಲೆಕ್ಕ.

ಜಾಗ ಇಷ್ಟು ಕಡಿಮೆಯಿರುವಾಗ ಬೇಡದ್ದೂ ಬರುತ್ತದೆ. ಅದು ಬೇಕಾದದ್ದರ ಜಾಗವನ್ನೇ ನುಂಗುತ್ತದೆ. ಅದೇ ಸುನಾಮಿಯ ನಂತರ ಇಂಡೊನೇಷ್ಯಾದ ಆಚೆ ಎಂಬ ಪ್ರಾಂತ್ಯಕ್ಕೆ ಸುಮಾರು 4,000 ಟನ್ ಔಷಧ ಬಂದಿತ್ತು. ಬಹುಪಾಲು ಅಲ್ಲಿನ ವೈದ್ಯರು ಓದಲಾಗದ ಭಾಷೆಯಲ್ಲಿತ್ತು, ಎಷ್ಟೋ ಯಾರೂ ಕೇಳದ ಔಷಧ. ಕೊನೆಗೆ ಅದನ್ನು ಸುರಕ್ಷಿತವಾಗಿ ಸುಡುವುದೇ ಒಂದು ಖರ್ಚಾಯಿತು. ನಮ್ಮಲ್ಲೂ 2018ರ ಕೊಡಗಿನ ಮಳೆ, 2019ರ ಬೆಳಗಾವಿ, ಬಾಗಲಕೋಟೆ ಕಡೆಯ ನೆರೆಯಾದಾಗ ಪರಿಹಾರ ಕೇಂದ್ರಗಳ ಮೂಲೆಯಲ್ಲಿ ಹಳೆಬಟ್ಟೆಯ ಗಂಟುಗಳು ಬಿಚ್ಚದೆ ಬಿದ್ದದ್ದನ್ನು ನೋಡಿದವರಿದ್ದಾರೆ. ಕೊಡುವ ಮನಸ್ಸು ದೊಡ್ಡದು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಆ ಗಂಟನ್ನು ಇಳಿಸಲು, ಬಿಚ್ಚಲು, ವಿಂಗಡಿಸಲು ಯಾರೋ ಒಬ್ಬರ ಬೆನ್ನು ಬೇಕು. ಪರಿಹಾರ ಸಾಮಗ್ರಿಗೆ ಬಹಳ ಹಿಂದೆಯೇ ಬಣ್ಣದ ಗುರುತು ಗೊತ್ತುಮಾಡಿದ್ದಾರೆ: ಆಹಾರಕ್ಕೆ ಕೆಂಪು, ಬಟ್ಟೆ ಮತ್ತು ಗೃಹೋಪಯೋಗಿ ವಸ್ತುಗಳಿಗೆ ನೀಲಿ, ಔಷಧಕ್ಕೆ ಹಸಿರು. ಭಾಷೆ ಬಾರದವನಿಗೂ, ರಾತ್ರಿಯ ಮಂದ ಬೆಳಕಿನಲ್ಲೂ, ಯಾವ ಪೆಟ್ಟಿಗೆ ಯಾವ ಟ್ರಕ್ಕಿಗೆ ಎಂದು ತಿಳಿಯಲಿ ಎಂಬುದು ಉದ್ದೇಶ.

ಇಳಿಸಿದ್ದನ್ನು ಎಲ್ಲಿಡುವುದು? ವಿಮಾನದ ಪಕ್ಕದಲ್ಲೇ ಪೇರಿಸಿದರೆ ಮುಂದಿನ ವಿಮಾನಕ್ಕೆ ಜಾಗ ಹೋಯಿತು. ನಮ್ಮ ಹಳೆಯ ದಾರಿಗಳಲ್ಲಿ ಹೊರೆಗಲ್ಲುಗಳಿರುತ್ತಿದ್ದವು. ತಲೆಹೊರೆ ಹೊತ್ತವರು ಬಗ್ಗದೆ, ಇನ್ನೊಬ್ಬರ ನೆರವಿಲ್ಲದೆ ಹೊರೆ ಇಟ್ಟು ಸುಧಾರಿಸಿಕೊಳ್ಳಲು ತಲೆಯೆತ್ತರಕ್ಕೆ ನಿಲ್ಲಿಸಿದ ಕಲ್ಲು. ನೇಪಾಳದ ಪುಣ್ಯವೆಂದರೆ ಅಂಥದೊಂದು ಹೊರೆಗಲ್ಲು ಭೂಕಂಪಕ್ಕೆ ಒಂದೇ ತಿಂಗಳು ಮೊದಲು ಸಿದ್ಧವಾಗಿತ್ತು. ವಿಶ್ವ ಆಹಾರ ಕಾರ್ಯಕ್ರಮ ಸಂಸ್ಥೆ ಬ್ರಿಟನ್ನಿನ ಹಣದ ನೆರವಿನಿಂದ, ಸರಕಾರದೊಡನೆ ಸೇರಿ, ತ್ರಿಭುವನ್ ನಿಲ್ದಾಣದಲ್ಲೇ ಪರಿಹಾರ ಸಾಮಗ್ರಿಯ ತಂಗುದಾಣವೊಂದನ್ನು ಕಟ್ಟಿ 2015ರ ಮಾರ್ಚ್‌ನಲ್ಲಿ ತೆರೆದಿತ್ತು. ಕಣಿವೆಯಲ್ಲಿ ದೊಡ್ಡ ಭೂಕಂಪ ಬಂದೇ ಬರುತ್ತದೆಂದು ಭೂವಿಜ್ಞಾನಿಗಳು ವರ್ಷಗಳಿಂದ ಹೇಳುತ್ತಿದ್ದರು. ಅವರ ಮಾತನ್ನು ಯಾರೋ ಕಿವಿಗೆ ಹಾಕಿಕೊಂಡಿದ್ದರು. ನೆಲ ಸಮತಟ್ಟು ಮಾಡಿ, ಉಗ್ರಾಣದ ಡೇರೆ ನಿಲ್ಲಿಸಿದ್ದರು. ಏಪ್ರಿಲ್ 25ರ ಮಧ್ಯಾಹ್ನ ಈ ಕೆಲಸ ಶುರು ಮಾಡಬೇಕಿದ್ದರೆ ಎಷ್ಟು ವಾರ ಹಿಡಿಯುತ್ತಿತ್ತೋ!

ಸುಂಕದ ಕಟ್ಟೆಯಲ್ಲಿ ಸ್ವಲ್ಪ ದಿನ ತೊಡಕಾಯಿತು. ವಿಶ್ವಸಂಸ್ಥೆ ದೂರಿತು, ನೇಪಾಳ ಸರಕಾರ ಟಾರ್ಪಾಲಿನ್ ಮತ್ತು ಡೇರೆಗಳ ಮೇಲಿನ ತೆರಿಗೆ ತೆಗೆಯಿತು. ಅಲ್ಲಿಂದ ಮುಂದೆ ಹೊರೆ ಸಣ್ಣದಾಗುತ್ತ ಹೋಗುತ್ತದೆ. ವಿಮಾನದಲ್ಲಿ ಹತ್ತಾರು ಟನ್ ಇದ್ದದ್ದು ಟ್ರಕ್ಕಿಗೆ ಕೆಲವೇ ಟನ್. ರಸ್ತೆ ಮುಗಿದಲ್ಲಿ ಹೆಲಿಕಾಪ್ಟರ್. ವಾಯುಪಡೆಯ ಎಂಐ-17ಗಳ ಜೊತೆಗೆ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ರೂಪುಗೊಂಡ, ನಮ್ಮ ಭೂಸೇನೆಯ ಧ್ರುವ್‌ಗಳು ಗುಡ್ಡದ ಗದ್ದೆಮಡಿಗಳಲ್ಲಿ ಇಳಿದು ಗಾಯಾಳುಗಳನ್ನು ಹೊತ್ತು ತಂದವು, ಹೋಗುವಾಗ ಅಕ್ಕಿ, ಟಾರ್ಪಾಲಿನ್ ಒಯ್ದವು. ಎತ್ತರ ಹೆಚ್ಚಿದಂತೆ ಗಾಳಿ ತೆಳು, ಹೊರುವ ಶಕ್ತಿ ಕಡಿಮೆ. ಹೆಲಿಕಾಪ್ಟರ್ ಇಳಿಯಲಾಗದ ಹಳ್ಳಿಗಳೂ ಇದ್ದವು. ಮಳೆಗಾಲ ಹತ್ತಿರ ಬರುತ್ತಿತ್ತು.

ಆಗ ವಿಶ್ವ ಆಹಾರ ಕಾರ್ಯಕ್ರಮ ಚಾರಣದ ಹಮಾಲರನ್ನು ಕರೆಯಿತು. ಹಿಮಾಲಯದ ಚಾರಣ ನಿಂತುಹೋಗಿ ಕೆಲಸವಿಲ್ಲದೆ ಕೂತಿದ್ದವರು ಅವರು. ಮೊದಲು ಕುಸಿದ ಕಾಲುದಾರಿಗಳನ್ನು ಕಡಿದು ಸರಿಮಾಡಿದರು. ಆಮೇಲೆ ಹೇಸರಗತ್ತೆಗಳ ಮೇಲೆ, ತಮ್ಮ ಬೆನ್ನಿನ ಮೇಲೆ ಹೇರಿಕೊಂಡು ಹೊರಟರು. ನೇಪಾಳದ ಹಮಾಲರು ಹೊರುವುದು ಡೋಕೊ ಎಂಬ ಬಿದಿರಿನ ಬುಟ್ಟಿಯಲ್ಲಿ. ಅದರ ಭಾರ ಹೆಗಲ ಮೇಲಿರುವುದಿಲ್ಲ. ನಾಮ್ಲೊ ಎಂಬ ಪಟ್ಟಿಯನ್ನು ನೆತ್ತಿಯ ಮುಂಭಾಗಕ್ಕೆ ಕೊಟ್ಟು ಕುತ್ತಿಗೆಯಿಂದ ಎಳೆದು ನಡೆಯುತ್ತಾರೆ. ಕೈಯಲ್ಲೊಂದು ಮೋಟು ಊರುಗೋಲು, ತೋಕ್ಮಾ. ಏರಿನಲ್ಲಿ ಉಸಿರು ಕಟ್ಟಿದಾಗ ಅದನ್ನು ಹಿಂದಕ್ಕೆ ಊರಿ, ಡೋಕೊದ ತಳವನ್ನು ಅದರ ಮೇಲೆ ಕೂರಿಸಿ, ನಿಂತಲ್ಲೇ ಒಂದಿಷ್ಟು ಹೊತ್ತು ಭಾರ ಬಿಡುತ್ತಾರೆ. ದಾರಿಯಲ್ಲಿ ಅಲ್ಲಲ್ಲಿ ಚೌತಾರಿ. ನಮ್ಮ ಅರಳಿಕಟ್ಟೆಯಂಥದೇ, ಅರಳಿ ಆಲಗಳ ನೆರಳಲ್ಲಿ ಕಲ್ಲಿನಿಂದ ಕಟ್ಟಿದ್ದು. ಅದರ ಅಂಚಿನಲ್ಲಿ ಡೋಕೊ ಇಡಲೆಂದೇ ಸರಿಯಾದ ಎತ್ತರಕ್ಕೆ ಒಂದು ಮೆಟ್ಟಿಲು. ಹೋದವರ ನೆನಪಿಗೆ, ಪುಣ್ಯಕ್ಕೆಂದು ಊರವರು ಕಟ್ಟಿಸುತ್ತಾರೆ.

ಆ ಮೆಟ್ಟಿಲಿಗೆ ಹಮಾಲ ಬೆನ್ನು ಕೊಟ್ಟು ನಿಲ್ಲುತ್ತಾನೆ, ಮೊಣಕಾಲು ಚೂರು ಬಗ್ಗಿಸುತ್ತಾನೆ, ಬುಟ್ಟಿಯ ತಳ ಕಲ್ಲಿಗೆ ತಾಗಿದ್ದು ಗೊತ್ತಾದ ಮೇಲೆ ನೆತ್ತಿಯ ಪಟ್ಟಿಯನ್ನು ಎರಡೂ ಕೈಯಿಂದ ಮೇಲೆತ್ತಿ ತೆಗೆಯುತ್ತಾನೆ. ಡೋಕೊ ವಾಲದಂತೆ ಊರಿನವರು ಯಾರಾದರೂ ಹಿಂದಿನಿಂದ ಹಿಡಿದುಕೊಂಡಿರುತ್ತಾರೆ.